ಹೆಚ್ಚಾದವರು, ಕಡಿಮೆಯಾದವರು

ಸೂಗಮ್ಮ ಎರಚಿದ ತಂಬಿಗೆ ನೀರಿನಲ್ಲಿ ಅರ್ಧ ಗೋಡೆಗೆ ಬಿತ್ತು, ಇನ್ನರ್ಧ ಮಾಸ್ತರನ ಕೋಟಿಗೆ.

"ಯಾರಪ್ಪಾ ನೀನು? ಯಾರನ್ನ ಕೇಳಿ ನನ್ನ ಗ್ವಾಡಿಗೆ ಗುರುತು ಹಾಕ್ತಿ?"

ಬಾಗಿಲ ಸಂದಿಯಿಂದ ಕಸ್ತೂರಿ ಇಣುಕಿದಳು. ತೆಳ್ಳನೆಯ ಯುವಕನೊಬ್ಬ ಒಂದು ಕೈಯಲ್ಲಿ ಹುರಮಂಜು ಕಲಸಿದ ಡಬ್ಬಿ, ಇನ್ನೊಂದರಲ್ಲಿ ಕುಂಚ ಹಿಡಿದು ನಿಂತಿದ್ದ. ಗೋಡೆಯ ಮೇಲೆ ಅವನು ಆಗಷ್ಟೇ ಬರೆದಿದ್ದ ಕೆಂಪು ಅಂಕಿ ನೀರಿನಲ್ಲಿ ಕರಗಿ, ಸಣ್ಣ ಕಾಲುವೆಯಾಗಿ ಕಟ್ಟೆಯ ಮೇಲೆ ಇಳಿಯುತ್ತಿತ್ತು. ಅವನ ಬಿಳಿ ಕೋಟಿನ ಎದೆಯ ಮೇಲೂ ಒಂದು ಕೆಂಪು ಕಲೆ.

"ಅವ್ವಾರ, ಸಿಟ್ಟಾಗಬ್ಯಾಡ್ರಿ. ಸರಕಾರದ ಖಾನೇಸುಮಾರಿರಿ. ಮಂದೀನ ಎಣಸೂದು. ಅದಕ್ಕ ಮನಿಗೊಂದು ನಂಬರ."

"ಗುರುತು ಬಿದ್ದ ಮನಿಗೋಳು ಏನಾದ್ವು ಅಂಬೂದು ನಮಗ ಗೊತ್ತದ. ನಮಗ ಹೇಳಾಕ ಬರಬ್ಯಾಡ."

ಮಾಸ್ತರ ಕುಂಚ ಕೆಳಗಿಳಿಸಿದ. ಅವನಿಗೂ ಗೊತ್ತಿರಬೇಕು. ಎರಡೂವರೆ ವರ್ಷದ ಹಿಂದೆ, ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ನಿಗೆ ಮೊದಲು, ಕೆಲವು ಬಾಗಿಲುಗಳ ಮೇಲೆ ಬೆಳಗಾಗುವುದರೊಳಗೆ ಸುಣ್ಣದ ಗೀಟುಗಳು ಬಿದ್ದಿದ್ದವು. ಆಕ್ಷನ್ನಾದ ಮೇಲೆ ಬೇರೆ ಕೆಲವು ಬಾಗಿಲುಗಳ ಮೇಲೆ ಬಿದ್ದವು. ಎರಡು ಸಲವೂ ಗೀಟು ಬಿದ್ದ ಮನೆಗಳಲ್ಲಿ ಮರುದಿನ ಒಲೆ ಹೊತ್ತಲಿಲ್ಲ. ಅಂದಿನಿಂದ ಕಮಲಾಪುರದಲ್ಲಿ ಮಕ್ಕಳು ಆಟಕ್ಕೆ ಗೋಡೆ ಗೀಚಿದರೂ ಹೆಂಗಸರು ಓಡಿಬಂದು ಒರೆಸುತ್ತಿದ್ದರು. ಈ ಮಾಸ್ತರ ನಿನ್ನೆ ಇಡೀ ಓಣಿಗೆ ಬರೆದಿದ್ದ ನಂಬರುಗಳನ್ನು ಬೆಳಿಗ್ಗೆ ಎಲ್ಲರೂ ತೊಳೆದುಬಿಟ್ಟಿದ್ದರು. ಲಿಂಗವಂತರ ಮನೆಯಲ್ಲೂ ತೊಳೆದಿದ್ದರು, ಮುಸಲ್ಮಾನರ ಮನೆಯಲ್ಲೂ ತೊಳೆದಿದ್ದರು. ಊರು ಒಟ್ಟಾಗಿ ಮಾಡಿದ ಕೆಲಸ ಬಹಳ ದಿನಗಳಲ್ಲಿ ಅದೊಂದೇ.

"ನಿನ್ನಿನಿಂದ ಬರೀತೀನಿ, ನಿನ್ನಿನಿಂದ ತೊಳೀತೀರಿ," ಎಂದ ಅವನು ಸೋತ ದನಿಯಲ್ಲಿ. "ಹುರಮಂಜೇ ಮುಗೀತು."

ಕಸ್ತೂರಿಗೆ ನಗು ಬಂತು. ಆ ಮನೆಯಲ್ಲಿ ನಗು ಬರುವುದೆಂದರೆ ಕೆಮ್ಮು ಬಂದಂತೆ, ಸೆರಗಿನಲ್ಲಿ ಅಡಗಿಸಿಕೊಳ್ಳಬೇಕು. ಅಡಗಿಸಿಕೊಂಡಳು. ಆದರೆ ಬಳೆ ಸದ್ದಾಯಿತು. ಅವನ ಕಣ್ಣು ಬಾಗಿಲ ಸಂದಿಗೆ ಬಂದು, ಸಂದಿಯಲ್ಲಿ ಒಂದು ಕಣ್ಣು ಕಂಡು, ಬೆಂಕಿ ಮುಟ್ಟಿದಂತೆ ಹಿಂದಕ್ಕೆ ಹೋಯಿತು.

*

ಅವನ ಹೆಸರು ಕಲ್ಯಾಣಪ್ಪ. ಕಲಬುರ್ಗಿಯ ಸಾಲೆಯೊಂದರಲ್ಲಿ ಮಾಸ್ತರ. ಉರ್ದುವಿನಲ್ಲಿ ಕಲಿತು, ಈಗ ಕಾಲ ಬದಲಾಗಿ ಕನ್ನಡದಲ್ಲಿ ಕಲಿಸುತ್ತಿದ್ದ. ಎಣಿಕೆಗೆಂದು ಅವನನ್ನು ಈ ಗುಡ್ಡದ ಮೇಲಿನ ಊರಿಗೆ ಕಳಿಸಿದ್ದರು.

ಕಮಲಾಪುರ ಉಣ್ಣಲು ಉಡಲು ಕಡಿಮೆಯಿಲ್ಲದ ಊರು. ಕೆಳಗಿನ ಬಯಲಿನವರು ಜೋಳಕ್ಕೆ ಮುಗಿಲು ನೋಡುವಾಗ ಇವರು ಗುಡ್ಡದ ಇಳಿಜಾರಿನ ಬಾವಿಗಳಿಂದ ಕೆಂಪು ಬಾಳೆಗೆ ನೀರು ಬಿಡುತ್ತಿದ್ದರು. ಆ ಬಾಳೆಹಣ್ಣು ಹೈದರಾಬಾದಿನ ನವಾಬರ ಊಟದ ಮೇಜಿಗೆ ಹೋಗುತ್ತಿತ್ತು. ಹಾಗಾಗಿ ಇಲ್ಲಿ ಕಲ್ಲು ಹಾಸಿದ ಅಂಗಳಗಳು, ಕೊರಳಲ್ಲಿ ಬಂಗಾರದ ಪುತಳಿ ಸರಗಳು, ಒಂದೆರಡು ಮನೆಯಲ್ಲಿ ಗ್ರಾಮಫೋನು. ಈಗಲೂ ಎಲ್ಲವೂ ಇತ್ತು. ಆದರೆ ದೊಡ್ಡ ಮನೆಗಳ ಪಡಸಾಲೆಯಲ್ಲಿ ಮಾತಾಡಿದರೆ ಮಾತು ತಿರುಗಿ ಬರುತ್ತಿತ್ತು. ಹಿತ್ತಾಳೆ ತಾಟುಗಳು ಗೂಡಿನಲ್ಲಿ ಸಾಲಾಗಿ ನಿಂತಿದ್ದವು. ಉಣ್ಣುವವರು ಅಷ್ಟು ಮಂದಿ ಇರಲಿಲ್ಲ.

ಸೂಗಮ್ಮನ ಮನೆಯಲ್ಲಿ ಇದ್ದವರು ಅತ್ತೆ, ಸೊಸೆ ಇಬ್ಬರೇ. ಕಸ್ತೂರಿ ಕಲಬುರ್ಗಿಯ ಹುಡುಗಿ, ಐವಾನ್-ಎ-ಶಾಹಿ ಕಡೆಯ ಓಣಿಯಲ್ಲಿ ಬೆಳೆದವಳು, ಮಿಡಲ್ ಪಾಸು. ಮದುವೆಯಾಗಿ ಒಂದು ಬೇಸಿಗೆ ಗಂಡ ಸಾಯಬಣ್ಣನ ಜೊತೆ ಬಾಳಿದ್ದಳು. ಆಕ್ಷನ್ನಿನ ವರ್ಷದ ಆ ಮಳೆಗಾಲದಲ್ಲಿ ಅವನು ಬಾಳೆಗೊನೆ ಹೇರಿಕೊಂಡು ಕಲಬುರ್ಗಿಗೆ ಹೊರಟ. ಮರುದಿನ ಎತ್ತುಗಳು ತಾವಾಗಿಯೇ ದಾರಿ ಹಿಡಿದು ಮನೆಗೆ ಬಂದವು. ಗಾಡಿಯಲ್ಲಿ ಒಂದು ಗೊನೆಯೂ ಕಡಿಮೆಯಾಗಿರಲಿಲ್ಲ. ಹೊಡೆಯುವವನು ಮಾತ್ರ ಇರಲಿಲ್ಲ.

ಹುಡುಕದ ಜಾಗವಿಲ್ಲ. ಗಡಿಯಾಚೆ ಸೊಲ್ಲಾಪುರದ ನಿರಾಶ್ರಿತರ ಕ್ಯಾಂಪುಗಳಿಗೂ ಹೋಗಿ ಬಂದದ್ದಾಯಿತು. ಹೆಣ ಸಿಗಲಿಲ್ಲ, ಹಾಗಾಗಿ ಮಣ್ಣು ಕೊಡಲಿಲ್ಲ. ಮಣ್ಣು ಕೊಡಲಿಲ್ಲ, ಹಾಗಾಗಿ ಸೂಗಮ್ಮ ಅಳಲಿಲ್ಲ. ಸೊಸೆಯ ಕೈಯಲ್ಲಿ ಬಳೆ, ಹಣೆಯಲ್ಲಿ ಕುಂಕುಮ ಹಾಗೇ ಉಳಿದವು. ಆ ಮನೆಯಲ್ಲಿ ಒಂದು ಮಾತನ್ನು ಯಾರೂ ಆಡಬಾರದಾಗಿತ್ತು. ಯಾರೂ ಆಡಿರಲಿಲ್ಲ.

ಕಸ್ತೂರಿಗೆ ಗಂಡನ ಮುಖ ಮಸುಕಾಗತೊಡಗಿತ್ತು. ಎತ್ತುಗಳನ್ನು ಅವನು ಕೂಗುತ್ತಿದ್ದ ದನಿ ಮಾತ್ರ ಕಿವಿಯಲ್ಲಿ ಸ್ಪಷ್ಟವಾಗಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಪಾಪ ಮಾಡಿದವಳಂತೆ ಒಳಗೇ ಇಟ್ಟುಕೊಂಡಿದ್ದಳು.

*

ಮರುದಿನ ಕಲ್ಯಾಣಪ್ಪ ಮತ್ತೆ ಬಂದ. ಈ ಸಲ ಡಬ್ಬಿ ಇರಲಿಲ್ಲ.

"ಅವ್ವಾರ, ಒಂದು ಉಪಕಾರ ಆಗಬೇಕಿತ್ರಿ. ಗಂಡಸು ಕೇಳಿದ್ರ ಒಳಗಿನ ಹೆಣ್ಮಕ್ಕಳು ಉತ್ರ ಕೊಡವಲ್ರು. ನಿಮ್ಮ ಸೊಸಿಯಾರು ಓದು ಬರಹ ಬಲ್ಲವರಂತ. ನನ್ನ ಜೋಡಿ ಬಂದ್ರ... ನಾ ಹೊರಗ ಕಟ್ಟಿ ಮ್ಯಾಲ ಕುಂದರ್ತೀನಿ. ಅವರು ಒಳಗ ಕೇಳಿ ಬಂದು ನನಗ ಹೇಳಿದ್ರ ಸಾಕು."

"ನಮ್ಮ ಮನಿ ಸೊಸಿ ನಿನ್ನ ಬೆನ್ನ ಹಿಂದ ಓಣಿ ತಿರಗಬೇಕೇನು?"

"ಬೆನ್ನ ಹಿಂದ ಬ್ಯಾಡ್ರಿ. ಮುಂದ ಹೋಗ್ಲಿ, ನಾನೇ ಹಿಂದ ಬರ್ತೀನಿ."

ಬಾಗಿಲ ಹಿಂದೆ ಮತ್ತೆ ಬಳೆ ಸದ್ದು.

ಸೂಗಮ್ಮ ಎದ್ದು ಒಳಗೆ ಹೋಗುವವಳು, ಹೊಸ್ತಿಲಲ್ಲಿ ನಿಂತಳು. "ಈ ಎಣಸೂದು ನಮ್ಮೂರಾಗಷ್ಟೇ ಏನು?"

"ಇಲ್ರಿ. ಇಡೀ ಹಿಂದುಸ್ತಾನದಾಗ. ಹಾದ್ಯಾಗ ಮಲಗಿದವರನ್ನೂ ಬಿಡೂದಿಲ್ಲ."

"ಯಾವುದೋ ಊರಾಗ, ಯಾರದೋ ತೋಟದಾಗ ದುಡಕೊಂಡು ಇದ್ದವರನ್ನ?"

"ಅವರನ್ನೂ ಬರಕೊಂತಾರ್ರಿ."

"ಹೆಸರು ಕೇಳ್ತೀರಿ? ಹುಟ್ಟಿದ ಊರು ಕೇಳ್ತೀರಿ?"

"ಕೇಳ್ತೀವ್ರಿ."

ಸೂಗಮ್ಮನ ಮುಖದಲ್ಲಿ ಆದ ಬದಲಾವಣೆ ಕಸ್ತೂರಿಗೆ ಸಂದಿಯಿಂದಲೇ ಕಂಡಿತು. ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. "ಹಂಗಾರ ನನ್ನ ಮಗ ಸಿಗ್ತಾನ. ಹೌದಿಲ್ಲೊ ಮಾಸ್ತರ? ಎಲ್ಲೀಗಾದ್ರೂ ಹೋಗಿರ್ಲಿ, ಕಮಲಾಪುರದ ಸಾಯಬಣ್ಣ ಅಂತ ಹೇಳೇ ಹೇಳ್ತಾನ. ಸರಕಾರಕ್ಕ ಗೊತ್ತಾಗ್ತದ."

ಮಾಸ್ತರ ತಲೆ ಎತ್ತಿ ಸೂಗಮ್ಮನನ್ನು ನೋಡಿದ, ಆಮೇಲೆ ಬಾಗಿಲ ಸಂದಿಯನ್ನು ನೋಡಿದ. ಇಲ್ಲ ಅನ್ನಬೇಕಾದ ಹೊತ್ತು ಅದು.

"ಎಲ್ಲಿದ್ರೂ ಬರಕೊಂತಾರವ್ವಾರ," ಎಂದ ಅವನು ಮೆಲ್ಲಗೆ.

ಸೂಗಮ್ಮ ಸೊಸೆಯನ್ನು ಕಳಿಸಿಕೊಟ್ಟಳು. ಗೋಡೆಗೆ ನಂಬರು ಬರೆಯಲೂ ಬಿಟ್ಟಳು. "ದೊಡ್ಡದಾಗಿ ಬರಿ. ಹುಡುಕೊಂಡು ಬರೂವರಿಗೆ ಕಾಣಬೇಕು" ಎಂದಳು. ಸೂಗಮ್ಮನ ಗೋಡೆಯ ಮೇಲೆ ನಂಬರು ನಿಂತಿತೆಂದು ಉಳಿದವರೂ ತೊಳೆಯುವುದನ್ನು ಬಿಟ್ಟರು.

*

ಹೀಗೆ ಶುರುವಾಯಿತು. ಅವನು ಕಟ್ಟೆಯ ಮೇಲೆ, ಮೊಣಕಾಲ ಮೇಲೆ ಹಲಗೆ, ಹಲಗೆಯ ಮೇಲೆ ಕಾಗದ. ಅವಳು ಒಳಗೆ ಹೋಗಿ ಕೇಳಿ, ಹೊರಬಂದು, ಕಂಬಕ್ಕೆ ಒರಗಿ, ಎತ್ತಲೋ ನೋಡುತ್ತ ಹೇಳುತ್ತಿದ್ದಳು. ಅವನೂ ಕಾಗದದಿಂದ ಕಣ್ಣೆತ್ತದೆ ಕೇಳುತ್ತಿದ್ದ. ಇಬ್ಬರೂ ನೋಡದೆ ಮಾತಾಡುವುದನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ, ನೋಡುವುದು ಅದಕ್ಕಿಂತ ಸುಲಭವಾಗುತ್ತಿತ್ತು.

"ವಯಸ್ಸು?"

"ಪ್ಲೇಗ್ ಬಂದಾಗ ಬೀಸುಕಲ್ಲಿನಷ್ಟು ಎತ್ತರ ಇದ್ಲಂತ."

"ಬೀಸುಕಲ್ಲು ನಿಂತಾಗೋ ಮಲಗಿದಾಗೋ?"

"ಕೇಳಿ ಬರ್ಲೇನ್ರಿ?" ಅವಳು ನಿಜಕ್ಕೂ ಹೊರಟಳು.

"ಏ ಬ್ಯಾಡ್ರಿ! ಅರವತ್ತು ಬರೀತೀನಿ."

"ಒಳಗಿನವ್ರು ಕೇಳಿಸಿಕೊಂಡಾರ. ಐವತ್ತು ಬರೀರಿ ಅಂತ ಕೈ ಮಾಡಾಕತ್ತಾರ."

ಅವನು ನಕ್ಕ. ನಕ್ಕಾಗ ಅವನ ಬಲಗೆನ್ನೆ ಮಾತ್ರ ಗುಳಿ ಬೀಳುತ್ತಿತ್ತು, ಎಡಗೆನ್ನೆಗೆ ಸುದ್ದಿ ತಡವಾಗಿ ಮುಟ್ಟಿದಂತೆ. ಕಸ್ತೂರಿ ಅದನ್ನು ನೋಡಿದಳು. ನೋಡಿದ್ದು ತನಗೇ ತಿಳಿದು, ಕಂಬದ ಆ ಕಡೆಗೆ ಸರಿದಳು.

ಕೋಟಿನ ಕೆಂಪು ಕಲೆ ಹೋಗಿರಲಿಲ್ಲ. "ತೊಳೀಬಾರದೇನ್ರಿ ಅದನ್ನ?" ಎಂದು ಒಂದು ದಿನ ಕೇಳಿದಳು.

"ತೊಳದೆ. ಹೋಗಲಿಲ್ಲ. ನಿಮ್ಮತ್ತಿ ಹಾಕಿದ ಮೊಹರು. ಕಮಲಾಪುರದ ಮಾಲು ಅಂತ."

"ಕಲಬುರ್ಗಿ ಮಾಲಿಗೆ ನಮ್ಮೂರ ಮೊಹರು ಯಾಕ್ರಿ?"

"ಅದನ್ನ ನನಗ ಕೇಳಬ್ಯಾಡ್ರಿ," ಎಂದು ಅವನು ಕಾಗದದ ಮೇಲೆ ಬಗ್ಗಿದ. ಕಿವಿ ಕೆಂಪಾಗಿದ್ದವು.

ಆದರೆ ಎಲ್ಲ ಮನೆಗಳೂ ನಗಿಸುವ ಮನೆಗಳಾಗಿರಲಿಲ್ಲ. "ಮನ್ಯಾಗ ಎಷ್ಟು ಮಂದಿ?" ಎಂದು ಕೇಳಿದರೆ ಕೆಲವು ಹೆಂಗಸರು ಬೆರಳು ಮಡಿಸತೊಡಗಿ, ನಡುವೆ ನಿಲ್ಲಿಸಿ, ಮಡಿಸಿದ ಬೆರಳನ್ನು ಮತ್ತೆ ಬಿಚ್ಚುತ್ತಿದ್ದರು. ಆ ಬಿಚ್ಚುವ ಬೆರಳನ್ನು ನೋಡಲಾರದೆ ಕಸ್ತೂರಿ ಒಲೆಯ ಕಡೆ ನೋಡುತ್ತಿದ್ದಳು. ಹೊರಬಂದು ಅವನಿಗೆ ಬರೀ ಸಂಖ್ಯೆ ಹೇಳುತ್ತಿದ್ದಳು. ಅವನು ಆಗ ತಮಾಷೆ ಮಾಡುತ್ತಿರಲಿಲ್ಲ. ಬರೆದು, ಪೆನ್ನು ಕೆಳಗಿಟ್ಟು, ಅವಳು ಸುಧಾರಿಸಿಕೊಳ್ಳುವ ತನಕ ಸುಮ್ಮನೆ ಗುಡ್ಡದ ಇಳಿಜಾರು ನೋಡುತ್ತಿದ್ದ. ಅವನ ಆ ಸುಮ್ಮನಿರುವಿಕೆಯೇ ಅವಳಿಗೆ ಮಾತಿಗಿಂತ ಹತ್ತಿರವಾಯಿತು.

ಪಕ್ಕದ ಮನೆ ರೋಷನಬಿಯದು. ನಡುವೆ ಒಂದೇ ಗೋಡೆ. ಒಂದು ಕಾಲಕ್ಕೆ ಆ ಗೋಡೆಯ ಮೇಲಿಂದ ಸಾರು, ಉಪ್ಪಿನಕಾಯಿ, ಬೈಗುಳ ಎಲ್ಲ ದಾಟುತ್ತಿದ್ದವು. ಆಕ್ಷನ್ನಿನ ದಿನಗಳಲ್ಲಿ ಆಕೆಯ ಗಂಡನನ್ನು ಕರೆದುಕೊಂಡು ಹೋದವರು ತಿರುಗಿ ತಂದುಬಿಡಲಿಲ್ಲ. ಮಗ ಶಬ್ಬೀರ್ ಹೈದರಾಬಾದ್ ಸೇರಿದ. ಅಂದಿನಿಂದ ಗೋಡೆಯ ಮೇಲಿಂದ ಏನೂ ದಾಟಿರಲಿಲ್ಲ.

"ಬಾ ಬೇಟಿ. ಕುಂದ್ರು," ಎಂದಳು ರೋಷನಬಿ. "ಎಣಸಾಕ ಬಂದಿ? ಎಣಸು. ನಾನೊಬ್ಬಾಕಿ, ಆ ಆಡೊಂದು. ಆಡು ಬರಕೊಂತಾರೇನು?"

"ಇಲ್ರಿ ಖಾಲಾ."

"ಮತ್ತೆ ನಾನೊಬ್ಬಾಕೀನೇ."

ಮುಂದಿನ ಪ್ರಶ್ನೆ ಕೇಳುವ ಮೊದಲು ಕಸ್ತೂರಿ ಆಡಿನ ಕಡೆ ನೋಡಿದಳು. ಮದುವೆಯಾಗಿದೆಯೋ, ವಿಧವೆಯೋ. ರೋಷನಬಿಯ ಮನೆಯಲ್ಲೂ ಹೆಣ ಬಂದಿರಲಿಲ್ಲ.

ಆಕೆ ಅವಳ ಮುಖ ನೋಡಿ ಅರ್ಥ ಮಾಡಿಕೊಂಡಳು. "ಬೇವಾ ಅಂತ ಬರಸು. ಗಂಡ ಸತ್ತಾಕಿ."

"ಖಾಲಾ... ಖಾತ್ರಿ ಆಗೇದೇನ್ರಿ?"

"ಖಾತ್ರಿ ಎಲ್ಲೀದು? ನಾನೇ ಒಂದಿನ ಹಿತ್ತಲದಾಗ ನಿಂತು ಆತ ಇಲ್ಲ ಅಂತ ಹೇಳಿಬಿಟ್ಟೆ. ಜೋರಾಗಿ. ಯಾರಾದ್ರೂ ಹೇಳಬೇಕಿತ್ತಲ್ಲ ಬೇಟಿ. ಹೇಳೂತನ ಆ ಮನುಷ್ಯಾಗ ನೆಲ ಸಿಗೂದಿಲ್ಲ, ನನಗ ನಿದ್ದಿ ಸಿಗೂದಿಲ್ಲ."

ಕಸ್ತೂರಿ ಹೊರಗೆ ಬಂದು ಹೇಳಬೇಕಾದ್ದನ್ನು ಹೇಳಿದಳು. ಕಲ್ಯಾಣಪ್ಪ ಬರೆದುಕೊಂಡ.

*

ಕೊನೆಗೆ ಉಳಿದದ್ದು ಸೂಗಮ್ಮನ ಮನೆ. ಅವನು ಬೇಕೆಂದೇ ಕೊನೆಗೆ ಉಳಿಸಿದ್ದನೆಂದು ಕಸ್ತೂರಿಗೆ ಗೊತ್ತಿತ್ತು. ತಾನೂ ನೆನಪು ಮಾಡಿರಲಿಲ್ಲ.

ಪಡಸಾಲೆಗೆ ಹಣ್ಣಿನ ಖೋಲಿಯ ವಾಸನೆ ಬಂದಿತ್ತು. ಗೊನೆಗಳನ್ನು ಹುಲ್ಲಿನಲ್ಲಿ ಮುಚ್ಚಿ, ಹೊಗೆ ಕೊಟ್ಟು, ಬಾಗಿಲಿಗೆ ಮಣ್ಣು ಮೆತ್ತಿ ಇಟ್ಟಿದ್ದ ಕೋಣೆ ಅದು. ಒಳಗೆ ಹಣ್ಣಾದದ್ದು ಹೊರಗಿನವರಿಗೆ ಮೂಗಿನಿಂದಲೇ ಗೊತ್ತಾಗಬೇಕು. ಸೂಗಮ್ಮ ಮಾಸ್ತರನ ಮುಂದೆ ಎರಡು ಕೆಂಪು ಬಾಳೆಹಣ್ಣು ಇಟ್ಟು ಕೂತಳು. ಅವಳ ಹೆಸರು, ವಯಸ್ಸು, ಕಸಬು ಆಯಿತು.

"ನಿಮ್ಮದು?" ಎಂದ ಅವನು ಕಸ್ತೂರಿಯ ಕಡೆ ತಿರುಗದೆ.

ಇಷ್ಟು ದಿನ ಎಲ್ಲರ ಉತ್ತರವನ್ನೂ ಅವಳೇ ತಂದುಕೊಟ್ಟಿದ್ದಳು. ಈಗ ತನ್ನದನ್ನು ತರಲು ಒಳಗೆ ಹೋಗಬೇಕೆನ್ನಿಸಿತು. ಹೆಸರು ಹೇಳಿದಳು. ಇಪ್ಪತ್ತೊಂದು ಎಂದಳು. ಹುಟ್ಟಿದ್ದು ಕಲಬುರ್ಗಿ ಎಂದಳು.

ಪೆನ್ನು ಮುಂದಿನ ಪ್ರಶ್ನೆಯ ಮೇಲೆ ನಿಂತಿತು. ಅವನು ಬಾಯಿಬಿಟ್ಟು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ.

ವಿಧವೆ ಎಂದರೆ ದಾರಿ ಇತ್ತು. ಅವರ ಮಂದಿಯಲ್ಲಿ ಗಂಡ ಸತ್ತವಳಿಗೆ ಉಡಕಿ ಮಾಡಿ ಕೊಡುತ್ತಿದ್ದರು. ಓಲಗವಿಲ್ಲ, ಚಪ್ಪರವಿಲ್ಲ. ಸಂಜೆ ಹೊತ್ತಿನಲ್ಲಿ ಹೊಸ ಸೀರೆ ಉಡಿಸಿ ಕಳಿಸಿದರೆ ಅವಳು ಇನ್ನೊಬ್ಬನ ಹೆಂಡತಿ. ಆದರೆ ಆ ಮಾತು ಇವಳ ಬಾಯಿಂದ ಬಿದ್ದರೆ ಎದುರಿಗೆ ಕೂತ ಈ ಮುದುಕಿಯ ಮಗ ಈ ಪಡಸಾಲೆಯಲ್ಲೇ ಸಾಯುತ್ತಾನೆ.

ಸೂಗಮ್ಮ ಸೊಸೆಯನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಗದರಿಕೆ ಇದ್ದಿದ್ದರೆ ಕಸ್ತೂರಿ ಹೇಳಿಬಿಡುತ್ತಿದ್ದಳೇನೋ. ಅದರಲ್ಲಿ ಇದ್ದದ್ದು ಬೇಡಿಕೆ.

"ಲಗ್ನ ಆಗೇದ," ಎಂದಳು ಕಸ್ತೂರಿ. "ಗಂಡ ಅದಾನ."

ಪೆನ್ನು ಕಾಗದದ ಮೇಲೆ ಸದ್ದು ಮಾಡಿತು. ಬಾಳೆಹಣ್ಣು ಮುಟ್ಟದೆ ಅವನು ಎದ್ದ.

ಸೂಗಮ್ಮ ಒಳಗೆ ಹೋದ ಮೇಲೆ, ಬಿಟ್ಟುಹೋದ ಮಸಿದೌತಿ ಕೊಡುವ ನೆಪದಲ್ಲಿ ಕಸ್ತೂರಿ ಕಟ್ಟೆಗೆ ಬಂದಳು.

"ಮಾರ್ಚ್ ಒಂದಕ್ಕ ಮತ್ತ ಬರ್ತೀನಿ," ಎಂದ ಅವನು ದೌತಿ ತಗೊಳ್ಳುತ್ತ. "ಎಲ್ಲಾ ಮನಿಗೂ ಇನ್ನೊಮ್ಮೆ ಹೋಗಬೇಕು. ನಡುವ ಯಾರಾರ ಹೆಚ್ಚಾಗ್ಯಾರೇನು, ಕಡಿಮಿಯಾಗ್ಯಾರೇನು ಅಂತ ಕೇಳೂದು. ಅಲ್ಲೀತನ... ಏನು ಬೇಕಾದ್ರೂ ತಿದ್ದಾಕ ಬರ್ತದ."

"ಯಾರಿಗೋಸ್ಕರ ತಿದ್ದಬೇಕ್ರಿ?"

ಅವನು ಮೊದಲ ಸಲ ನೇರ ನೋಡಿದ. ಅವಳೂ ಕಣ್ಣು ತೆಗೆಯಲಿಲ್ಲ. ಇಷ್ಟು ದಿನ ಕಂಬಕ್ಕೂ ಕಾಗದಕ್ಕೂ ಹಂಚಿಹೋಗಿದ್ದ ನೋಟವೆಲ್ಲ ಒಂದೇ ಸಲಕ್ಕೆ ಬಂದು ನಿಂತಿತ್ತು.

"ನನಗೋಸ್ಕರ," ಎಂದ. "ನಿಮಗೂ ಬೇಕನಿಸಿದ್ರ."

ಅವಳ ಕಣ್ಣು ತುಂಬಿತು. ಅದರ ಜೊತೆಗೇ ಸಿಟ್ಟೂ ಬಂತು. "ಅವತ್ತ ಅವ್ವಗ ಯಾಕ ಹಂಗ ಹೇಳಿದ್ರಿ? ಎಣಸಿದವ್ರು ಮಗನ್ನ ಹುಡುಕಿ ಕೊಡ್ತಾರಂತ ಆಕಿ ದಿನಾ ಹಾದಿ ಕಾಯಾಕತ್ತಾಳ. ಎಣಿಕಿ ಮುಗಿದ ದಿನ ಸುದ್ದಿ ಬರ್ತದ ಅಂತ ಗೋದಿ ಹಸನ ಮಾಡಿ ಇಟ್ಟಾಳ, ಮಗಗ ಸಿಹಿ ಮಾದಲಿ ಮಾಡಾಕ. ಹೌದು ಅನ್ನಲಿಲ್ಲ ನೀವು, ಖರೆ. ಇಲ್ಲ ಅಂತನೂ ಅನ್ನಲಿಲ್ಲ."

ಅವನು ತಲೆ ತಗ್ಗಿಸಿದ. "ಇಲ್ಲ ಅನ್ನಾಕ ಬಾಯಿ ಬರಲಿಲ್ರಿ."

"ನನಗೂ ಇವತ್ತ ಬರಲಿಲ್ಲ," ಎಂದಳು ಕಸ್ತೂರಿ.

*

ಮಾರ್ಚ್ ಒಂದರ ಬೆಳಿಗ್ಗೆ ಸೂಗಮ್ಮ ಮಿಂದು, ಮಡಿ ಸೀರೆ ಉಟ್ಟು, ಪಡಸಾಲೆಯಲ್ಲಿ ಮಣೆ ಹಾಕಿದಳು. ಮಾದಲಿಯ ಮೇಲೆ ತುಪ್ಪ ಸುರಿದು ಮುಚ್ಚಿಟ್ಟಳು. ಬಿಸಿಲು ಗುಡ್ಡ ಹತ್ತುವುದಕ್ಕೆ ಮೊದಲೇ ಬಾಗಿಲಲ್ಲಿ ಕೂತಳು.

ಕಲ್ಯಾಣಪ್ಪ ಬಂದ. ಮುಖ ನೋಡಿದರೆ ರಾತ್ರಿ ಮಲಗಿದವನಂತಿರಲಿಲ್ಲ.

"ಅವ್ವಾರ, ಈ ಮನ್ಯಾಗ ಯಾರಾರ ಹೆಚ್ಚಾಗ್ಯಾರೇನ್ರಿ, ಕಡಿಮಿ ಆಗ್ಯಾರೇನ್ರಿ?"

"ಅದನ್ನ ನೀ ಹೇಳಬೇಕಪ್ಪ," ಎಂದಳು ಸೂಗಮ್ಮ. "ಯಾವ ಊರಾಗ ಸಿಕ್ಕ?"

ಅವನು ಮಣೆಯ ಮೇಲೆ ಕೂರಲಿಲ್ಲ. ಅವಳ ಮುಂದೆ ನೆಲದ ಮೇಲೆ ಕೂತ. ಅಡಿಗೆಮನೆಯ ಬಾಗಿಲಲ್ಲಿ ನಿಂತ ಕಸ್ತೂರಿಗೆ ಅವನು ಏನು ಹೇಳುತ್ತಾನೆಂದು ಗೊತ್ತಾಯಿತು. ಹೇಳಿದ ಮೇಲೆ ಏನು ಉಳಿಯುವುದಿಲ್ಲವೆಂದೂ ಗೊತ್ತಾಯಿತು. ಬೇಡ ಎಂದು ಕೈ ಎತ್ತಿದಳು. ಅವನು ನೋಡಲಿಲ್ಲ.

"ಈ ಎಣಿಕ್ಯಾಗ ಯಾರನ್ನೂ ಹುಡುಕೂದಿಲ್ಲವ್ವಾರ. ಇದ್ದವರನ್ನ ಎಣಿಸಿ ಒಟ್ಟು ಹಾಕ್ತಾರ, ಅಷ್ಟ. ಇಷ್ಟು ಲಕ್ಷ ಮಂದಿ ಅಂತಾರ. ಯಾರ ಮಗ ಎಲ್ಲದಾನ ಅಂತ ಯಾರೂ ನೋಡೂದಿಲ್ಲ. ನಾ ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ತಪ್ಪಾತು."

ಹೊರಗೆ ಎತ್ತಿನ ಗಂಟೆ ಕೇಳಿಸಿತು, ದೂರವಾಯಿತು.

ಸೂಗಮ್ಮ ಎದ್ದಳು. ಮಾದಲಿಯ ತಟ್ಟೆ ತೆಗೆದು ಒಳಗಿಟ್ಟಳು. ಮಣೆ ತೆಗೆದು ಗೋಡೆಗೆ ಆನಿಸಿದಳು. "ನಡಿ," ಎಂದಳು. "ಎಣಿಸಿದ್ದು ಮುಗೀತಲ್ಲ. ನಡಿ."

ಅವನು ಹೊರಟ. ಹೊಸ್ತಿಲಲ್ಲಿ ಒಮ್ಮೆ ತಿರುಗಿದ. ಕಸ್ತೂರಿ ಅಲ್ಲೇ ನಿಂತಿದ್ದಳು. ಅವನ ಹಿಂದೆಯೂ ಹೋಗಲಿಲ್ಲ, ಅತ್ತೆಯ ಹತ್ತಿರವೂ ಹೋಗಲಿಲ್ಲ. ಸೂಗಮ್ಮ ಬಾಗಿಲು ಹಾಕಿದಳು. ಕಲಬುರ್ಗಿಯ ಬಸ್ಸು ಇಳಿಜಾರಿನಲ್ಲಿ ಗೇರು ಬದಲಿಸುವ ಸದ್ದು ಮಧ್ಯಾಹ್ನ ಆ ಮುಚ್ಚಿದ ಬಾಗಿಲ ಒಳಕ್ಕೂ ಕೇಳಿಸಿತು.

*

ಮನೆ ಮೊದಲಿಗಿಂತ ಮೂಕವಾಯಿತು. ಸೂಗಮ್ಮ ಉಣ್ಣುತ್ತಿದ್ದಳು, ಉಣಬಡಿಸುತ್ತಿದ್ದಳು, ತೋಟದ ಆಳುಗಳಿಗೆ ಹೇಳಬೇಕಾದ್ದನ್ನು ಹೇಳುತ್ತಿದ್ದಳು. ಆದರೆ ಬಾಗಿಲಲ್ಲಿ ಕೂರುವುದನ್ನು ಬಿಟ್ಟಳು. ಎರಡೂವರೆ ವರ್ಷ ಆ ಹೊಸ್ತಿಲ ಮೇಲಿದ್ದ ಅವಳ ಜಾಗದಲ್ಲಿ ಈಗ ಬರೀ ಬಿಸಿಲು ಬೀಳುತ್ತಿತ್ತು.

ಮತ್ತೆ ಹಣ್ಣಿನ ಖೋಲಿ ತೆಗೆಯುವ ದಿನ ಬಂತು. ಅತ್ತೆ ಸೊಸೆ ಸೇರಿ ಬಾಗಿಲ ಮಣ್ಣು ಕೆದರಿದರು. ಒಳಗಿನ ಕತ್ತಲು, ಬಿಸಿ, ಸಿಹಿ ಎಲ್ಲ ಒಟ್ಟಿಗೆ ಮುಖಕ್ಕೆ ಹೊಡೆಯಿತು. ಸೂಗಮ್ಮ ಎಂದಿನಂತೆ ಮೊದಲ ಗೊನೆ ಇಳಿಸಿ, ಅದನ್ನು ಬೇರೆಯಾಗಿ ಮೂಲೆಗಿಟ್ಟಳು. ಅದು ಸಾಯಬಣ್ಣನದು. ಪ್ರತಿ ಸಲವೂ ಹೀಗೆ ಇಡುತ್ತಿದ್ದಳು. ಪ್ರತಿ ಸಲವೂ ಅದು ಕಪ್ಪಾಗಿ, ನೀರಾಗಿ, ಕಸ್ತೂರಿ ಅದನ್ನು ಯಾರಿಗೂ ಕಾಣದಂತೆ ಗೊಬ್ಬರದ ಗುಂಡಿಗೆ ಹಾಕುತ್ತಿದ್ದಳು.

ಆ ಗೊನೆ ನೋಡುತ್ತ ಕಸ್ತೂರಿಗೆ ರೋಷನಬಿ ನೆನಪಾದಳು. ಹಿತ್ತಲಲ್ಲಿ ಒಬ್ಬಳೇ ನಿಂತು ಜೋರಾಗಿ ಹೇಳಿದವಳು.

"ಅವ್ವ," ಎಂದಳು. "ಅವರು ಬರೂದಿಲ್ಲ."

ಸೂಗಮ್ಮನ ಕೈ ಹುಲ್ಲಿನಲ್ಲೇ ನಿಂತಿತು.

"ಅವರು ಇಲ್ಲವ್ವ. ಎತ್ತು ಬಂದ ದಿನನೇ ಇರಲಿಲ್ಲ."

ಹೊಡೆಯುತ್ತಾಳೆ ಎಂದುಕೊಂಡು ಕಸ್ತೂರಿ ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ. ಕಣ್ಣು ತೆರೆದಾಗ ಸೂಗಮ್ಮ ಹುಲ್ಲಿನ ಮೇಲೆ ಕೂತಿದ್ದಳು. ಹೊಟ್ಟೆಯ ಆಳದಿಂದ ಒಂದು ಸದ್ದು ಹೊರಟಿತು. ಮೂರು ಮಳೆಗಾಲಗಳ ಹಿಂದೆ ಹೊರಡಬೇಕಾಗಿದ್ದ ಸದ್ದು ಅದು. ಗೋಡೆಯ ಆ ಕಡೆ ರೋಷನಬಿಯ ಬಾಗಿಲು ತೆರೆದುಕೊಂಡದ್ದು ಕೇಳಿಸಿತು. ಆಕೆ ಓಡಿಬಂದಳು, ಏನೂ ಕೇಳದೆ ಸೂಗಮ್ಮನ ತಲೆಯನ್ನು ಎದೆಗೆ ಒತ್ತಿಕೊಂಡಳು. ಒಂದೇ ಗೋಡೆಯ ಎರಡು ಮನೆಯ ಹೆಂಗಸರು ಬಾಳೆಹಣ್ಣಿನ ಸಿಹಿ ವಾಸನೆಯಲ್ಲಿ ಕೂತು ಅತ್ತರು.

ಸಂಜೆ, ಕಣ್ಣು ಬತ್ತಿದ ಮೇಲೆ, ಸೂಗಮ್ಮ ಹೇಳಿದಳು: "ನೀ ಹೇಳಿದ್ದು ಚಲೋ ಆತು. ನಾ ಹೆತ್ತಾಕಿ, ನನ್ನ ಬಾಯಿಂದ ಅದು ಬರ್ತಿರಲಿಲ್ಲ."

ಕಸ್ತೂರಿ ಬಳೆ ತೆಗೆಯಲು ಹೋದಳು. ಸೂಗಮ್ಮ ಅವಳ ಮಣಿಕಟ್ಟು ಹಿಡಿದಳು.

"ಇರ್ಲಿ. ಆ ಮಾಸ್ತರಗ ನಿನ್ನ ಬಳಿ ಸದ್ದು ಕೇಳಿ ರೂಢಿ ಆಗೇದ."

"ಅವ್ವ!"

"ನಾ ಕುರುಡಿ ಅಲ್ಲ. ಬಾಗಿಲದಾಗ ಕುಂತಾಕಿಗೆ ಹಾದೀನೂ ಕಾಣ್ತದ, ಕಟ್ಟೀನೂ ಕಾಣ್ತದ."

"ನಿಮ್ಮನ್ನ ಬಿಟ್ಟು ನಾ ಎಲ್ಲೀಗೂ..."

"ಅವಾ ನನಗ ಸುಳ್ಳು ಹೇಳಿದ. ಆದ್ರ ಬಂದು ನೆಲದ ಮ್ಯಾಲ ಕುಂತು ಖರೆ ಹೇಳಿದ. ಹೇಳಿದ್ರ ನೀ ಕೈತಪ್ತಿ ಅಂತ ಗೊತ್ತಿದ್ದೂ ಹೇಳಿದ. ಅಂಥವ್ನ ಕೈಯಾಗ ಕೊಟ್ರ ನನಗ ನಿದ್ದಿ ಬರ್ತದ." ಆಮೇಲೆ ಗೋಡೆಯ ಕಡೆ ತಲೆಯಾಡಿಸಿ, "ನನಗ ರೋಷನಬಿ ಅದಾಳ. ಬೈಯಾಕ ಒಬ್ರು ಬೇಕಲ್ಲ," ಎಂದಳು.

*

ಕಲಬುರ್ಗಿಯ ಬಿಸಿಲಲ್ಲಿ ಸಾಲೆಯ ಬೇವಿನ ಗಿಡ ಕೂಡ ಬಾಡಿತ್ತು. ಕೈಗೆಲ್ಲ ಸೀಮೆಸುಣ್ಣ ಮೆತ್ತಿಕೊಂಡು ಹೊರಬಂದ ಕಲ್ಯಾಣಪ್ಪ, ವರಾಂಡದಲ್ಲಿ ಕೂತ ಸೂಗಮ್ಮನನ್ನೂ ಕಂಬದ ಹಿಂದಿನ ಸೆರಗನ್ನೂ ಕಂಡು ನಿಂತಲ್ಲೇ ನಿಂತ.

"ಮಾಸ್ತರ, ನನ್ನ ಮನಿ ಎಣಿಕಿ ತಪ್ಪಾಗೇದ," ಎಂದಳು ಸೂಗಮ್ಮ. "ತಿದ್ದು. ಈಕಿ ಗಂಡ ಇಲ್ಲ."

ಅವನು ಸೀಮೆಸುಣ್ಣದ ಕೈ ಧೋತರಕ್ಕೆ ಒರೆಸಿಕೊಂಡ. "ಇನ್ನ ತಿದ್ದಾಕ ಬರೂದಿಲ್ಲವ್ವಾರ. ಕಾಗದ ಎಲ್ಲಾ ಹೈದರಾಬಾದಿಗೆ ಹೋದ್ವು."

"ಹಂಗಾರ ಅಲ್ಲಿ ಹೆಂಗದ?"

"ಅಲ್ಲಿ... ಇವರ ಗಂಡ ಅದಾರ."

ಸೂಗಮ್ಮ ಬಹಳ ಹೊತ್ತು ಬಿಸಿಲನ್ನು ನೋಡಿದಳು.

"ಇರ್ಲಿ ಬಿಡು," ಎಂದಳು ಕೊನೆಗೆ. "ಅಲ್ಲ್ಯಾರ ಇರ್ಲಿ ನನ್ನ ಮಗ."

ಆಮೇಲೆ ಚೀಲದಿಂದ ಹಸಿರು ಇಲಕಲ್ಲ ಸೀರೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ಉಡಕಿಗೆ ಗಂಡಿನವ್ರು ಸೀರಿ ತರಬೇಕು. ಆದ್ರ ಇದು ನನ್ನ ಮಗಳಿಗೆ ನಾ ತಂದದ್ದು. ನಿಮ್ಮವ್ವ ಏನಂತಾಳ?"

"ಹೇಳೀನ್ರಿ. ಮೊದ್ಲು ಮಾತು ಬಿಟ್ಲು. ಆಮ್ಯಾಲ, ಆಕಿಗೆ ಯಾವ ಬಣ್ಣ ಒಪ್ತದ ಅಂತ ಕೇಳಿದ್ಲು."

"ನೀ ಏನಂದಿ?"

"ಗೊತ್ತಿಲ್ಲ ಅಂದೆ. ಬರೀ ಒಂದು ಕಣ್ಣು, ಒಂದು ಕಂಬ ನೋಡೀನಿ ಅಂದೆ."

ಕಂಬದ ಹಿಂದೆ ಬಳೆ ಸದ್ದಾಯಿತು. ಸೂಗಮ್ಮ ಎದ್ದು, ನೀರು ಕುಡಿದು ಬರುತ್ತೇನೆಂದು ಗಿಡದ ಕಡೆ ನಡೆದಳು.

"ನಿಮಗ ಒಪ್ಪಿಗಿ ಅದ ಏನ್ರಿ?" ಎಂದ ಅವನು ಕಂಬದ ಈ ಕಡೆಯಿಂದ.

"ಹಂಗ ಕೇಳ್ತಾರೇನ್ರಿ? ಮೊದ್ಲು ಹೆಸರು ಕೇಳಬೇಕು."

"ಹೆಸರು?"

"ಕಸ್ತೂರಿ."

"ವಯಸ್ಸು?"

"ಬೀಸುಕಲ್ಲಿಗಿಂತ ಎತ್ತರ."

ಅವನಿಗೆ ನಗಲಾಗಲಿಲ್ಲ. ಮುಂದಿನದು ಲಗ್ನದ ಪ್ರಶ್ನೆ. ಅವಳೇ ಕಂಬದ ಹಿಂದಿನಿಂದ ಹೊರಬಂದು ಎದುರು ನಿಂತಳು. ಕೋಟಿನ ಮೇಲಿನ ಕೆಂಪು ಕಲೆ ಮಾಸಿ, ಒಣಗಿದ ಹೂವಿನ ಬಣ್ಣವಾಗಿತ್ತು.

"ಒಪ್ಪಿಗಿ ಅದ," ಎಂದಳು. "ಬರಕೊಳ್ರಿ."

*

ಉಡಕಿಯಾಗಿ ಹೋಗುವವಳು ಸೂರ್ಯ ಮುಳುಗಿದ ಮೇಲೆ ಹಿತ್ತಲ ಬಾಗಿಲಿಂದ ಹೋಗಬೇಕು. ಗಂಡನ ಮನೆಯದೊಂದನ್ನೂ ಒಯ್ಯಬಾರದು, ಆ ಮನೆಯವರು ಕಳಿಸಲು ಬರಬಾರದು. ಆ ಸಂಜೆ ರೋಷನಬಿ ಬಂದು ಸೀರೆಯ ನಿರಿಗೆ ಹಿಡಿದು ಉಡಿಸಿದಳು. ಕಸ್ತೂರಿ ಹಿತ್ತಲ ಕಡೆ ಹೊರಟಾಗ ಮುಚ್ಚಿದ ಅಡಿಗೆಮನೆಯೊಳಗಿಂದ ಸೂಗಮ್ಮನ ದನಿ ಬಂತು.

"ಮುಂದಿನ ಬಾಗಿಲಿಂದ ಹೋಗು."

ಅಷ್ಟೇ. ಮತ್ತೆ ದನಿ ಬರಲಿಲ್ಲ. ಕಸ್ತೂರಿ ಆ ಬಾಗಿಲಿಗೆ ಹಣೆ ಒತ್ತಿ ನಿಂತಳು. ಒಳಗಿನಿಂದಲೂ ಬಾಗಿಲಿಗೆ ಏನೋ ಒರಗಿದಂತಾಯಿತು.

ಹೊರಗೆ ಬಂಡಿಯ ಹತ್ತಿರ ಕಲ್ಯಾಣಪ್ಪ ನಿಂತಿದ್ದ. ಕಟ್ಟೆ ಇಳಿದ ಕಸ್ತೂರಿ ಒಮ್ಮೆ ತಿರುಗಿ ನೋಡಿದಳು.

ಮುಂದಿನ ಗೋಡೆಗೆಲ್ಲ ಅಂದು ಬೆಳಿಗ್ಗೆ ಸೂಗಮ್ಮ ತನ್ನ ಕೈಯಿಂದಲೇ ಹೊಸ ಸುಣ್ಣ ಬಳಿದಿದ್ದಳು. ಮಸುಕು ಬೆಳಕಿನಲ್ಲಿ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಬಾಗಿಲ ಬಲಕ್ಕೆ, ಕುಂಚ ತಾಗದಂತೆ ಸುತ್ತಲೂ ಬಳಸಿ ಬಿಟ್ಟ ಜಾಗದಲ್ಲಿ, ಮನೆಯ ನಂಬರು ಕೆಂಪಗೆ ಹಾಗೇ ಇತ್ತು.